ಸರ್ವರ್ ಬದಲಿಸುವ ಮುನ್ನ ಚೆಕ್‌ಪಾಯಿಂಟ್ ನೋಡಿ

ಹೂಲಿಯಿಂದ ಬೈಲಹೊಂಗಲದವರೆಗೆ, ಆಚೆ ರಾಮದುರ್ಗದಲ್ಲೂ, ಎಷ್ಟೋ ಪತ್ತಿನ ಸಂಘಗಳ ಮತ್ತು ಕಾಲೇಜು ಕಚೇರಿಗಳ ಲೆಕ್ಕವೆಲ್ಲ ಇನ್ನೂ ವಿಂಡೋಸ್ ಸರ್ವರ್ 2012 ಆರ್2 ಮೇಲೆಯೇ ನಡೆದಿದೆ. ಅದರ ಉಚಿತ ಭದ್ರತಾ ಅಪ್‌ಡೇಟ್ 2023ರ ಅಕ್ಟೋಬರ್ 10ಕ್ಕೇ ನಿಂತಿತು. ಹಣ ಕಟ್ಟಿ ಪಡೆಯುವ ಅಪ್‌ಡೇಟ್‌ಗೂ 2026ರ ಅಕ್ಟೋಬರ್ 13 ಕೊನೆಯ ದಿನ. ಹಾಗಾಗಿ ಈಗ ಎಲ್ಲರೂ ಹೊಸ ಸರ್ವರ್ ತರಿಸುತ್ತಿದ್ದಾರೆ. ತರಿಸುವುದೇನೋ ಸರಿ, ಹಳೆಯದರ ಹೈಪರ್-ವಿಯಲ್ಲಿರುವ ವರ್ಚುವಲ್ ಮಷೀನನ್ನು ಹೊಸದಕ್ಕೆ ಒಯ್ಯುವಾಗ ಎಡವುತ್ತಿದ್ದಾರೆ.

ಮೊದಲು ದಿನ ಗೊತ್ತು ಮಾಡಿ. ಮಾರ್ಚ್ ಕೊನೆ ಬೇಡವೇ ಬೇಡ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಯ ಆಸುಪಾಸೂ ಬೇಡ: ಎಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿ, ಟ್ರ್ಯಾಕ್ಟರ್‌ಗಳ ನಡುವೆ ಬೆಳಗಾವಿಯಿಂದ ಒಂದು ಹಾರ್ಡ್ ಡಿಸ್ಕ್ ತರಿಸುವಷ್ಟರಲ್ಲಿ ದಿನ ಕಳೆದಿರುತ್ತದೆ. ಎರಡನೇ ಶನಿವಾರ ಮತ್ತು ಮರುದಿನದ ಭಾನುವಾರ ಒಳ್ಳೆಯದು. ಬ್ಯಾಕಪ್ ತೆಗೆದಿಡಿ, ಯುಪಿಎಸ್ ಬ್ಯಾಟರಿ ನೋಡಿಕೊಳ್ಳಿ.

ಇನ್ನು ಚೆಕ್‌ಪಾಯಿಂಟ್. ಸಾಫ್ಟ್‌ವೇರ್ ಕಂಪನಿಯವರು ಅಪ್‌ಡೇಟ್ ಹಾಕುವ ಮುನ್ನ ಮುಂಜಾಗ್ರತೆಗೆಂದು, ಮಷೀನಿನ ಆ ಗಳಿಗೆಯ ಸ್ಥಿತಿಯನ್ನು ಹಿಡಿದಿಡುವ ಒಂದು ಚೆಕ್‌ಪಾಯಿಂಟ್ ತೆಗೆಯುತ್ತಾರೆ, ಕೆಲಸ ಮುಗಿದ ಮೇಲೆ ಅಳಿಸಲು ಮರೆಯುತ್ತಾರೆ. ತೆಗೆದ ಗಳಿಗೆಯಿಂದ ವಿಎಚ್‌ಡಿಎಕ್ಸ್ ಎಂಬ ದೊಡ್ಡ ಫೈಲ್ ಇದ್ದಲ್ಲಿಯೇ ಇದ್ದುಬಿಡುತ್ತದೆ. ಹೊಸ ಎಂಟ್ರಿ ಒಂದೂ ಅದಕ್ಕೆ ಸೇರುವುದಿಲ್ಲ. ಎಲ್ಲವೂ ಪಕ್ಕದ ಎವಿಎಚ್‌ಡಿಎಕ್ಸ್ ಫೈಲಿಗೆ ಹೋಗುತ್ತದೆ. ಅದರ ಹೆಸರಿನ ತುದಿಗೆ ಅಂಕಿ-ಅಕ್ಷರಗಳ ಉದ್ದ ಬಾಲವಿರುತ್ತದೆ, ಕಸವಿದ್ದಂತೆ ಕಾಣುತ್ತದೆ. ಅದನ್ನು ಬಿಟ್ಟು ದೊಡ್ಡದನ್ನಷ್ಟೇ ಕಾಪಿ ಮಾಡಿದರೆ ಹೊಸ ಸರ್ವರ್ ಯಾವ ತಕರಾರೂ ಇಲ್ಲದೆ ಏಳುತ್ತದೆ. ಲಾಗಿನ್ ಆಗುತ್ತದೆ, ಪ್ರಿಂಟ್ ಬರುತ್ತದೆ. ಸೋಮವಾರ ಕ್ಯಾಶಿಯರ್ ಫೋನ್ ಮಾಡುತ್ತಾರೆ: ‘ಸರ್, ದೀಪಾವಳಿ ಆದ ಮ್ಯಾಗಿನ ಎಂಟ್ರಿ ಒಂದೂ ಕಾಣವಲ್ವು ನೋಡ್ರಿ.’ ಆ ವೇಳೆಗೆ ಹಳೆ ಸರ್ವರ್ ಫಾರ್ಮ್ಯಾಟ್ ಆಗಿದ್ದರೆ ಮುಂದೆ ಹೇಳುವುದಕ್ಕೇನೂ ಉಳಿಯುವುದಿಲ್ಲ.

ಹೈಪರ್-ವಿ ಮ್ಯಾನೇಜರ್‌ನಲ್ಲಿ ಚೆಕ್‌ಪಾಯಿಂಟ್ ಕಾಣದಿದ್ದರೂ ನಂಬಬೇಡಿ. ಬ್ಯಾಕಪ್ ಸಾಫ್ಟ್‌ವೇರ್ ಅರ್ಧಕ್ಕೆ ಬಿಟ್ಟುಹೋದ ಫೈಲ್ ಆ ಪಟ್ಟಿಯಲ್ಲಿ ಬರದೇ ಇರಬಹುದು. ಮಷೀನಿನ ಸೆಟ್ಟಿಂಗ್ಸ್‌ಗೆ ಹೋಗಿ ಹಾರ್ಡ್ ಡ್ರೈವ್ ಮೇಲೆ ಒತ್ತಿ, ಫೈಲಿನ ಹೆಸರು ಯಾವುದರಿಂದ ಮುಗಿಯುತ್ತದೆ ಎಂದು ಓದಿ. ಎವಿಎಚ್‌ಡಿಎಕ್ಸ್ ಎಂದಿದ್ದರೆ ಚೆಕ್‌ಪಾಯಿಂಟ್ ಜೀವಂತವಾಗಿದೆ. ಅದು ಪಟ್ಟಿಯಲ್ಲಿದ್ದರೆ ಹೈಪರ್-ವಿ ಮ್ಯಾನೇಜರ್‌ನಲ್ಲಿಯೇ ಡಿಲೀಟ್ ಮಾಡಿ, ಎರಡೂ ಫೈಲ್ ತಾನಾಗಿ ಒಂದಾಗುತ್ತವೆ (ಮರ್ಜ್). ಪಟ್ಟಿಯಲ್ಲಿ ಇಲ್ಲದಿದ್ದರೆ ಬಲ್ಲವರಿಂದ ಮರ್ಜ್ ಮಾಡಿಸಿ. ಫೋಲ್ಡರ್ ತೆರೆದು ಆ ಫೈಲನ್ನು ಕೈಯಿಂದ ಅಳಿಸಿದರೆ ಮಾತ್ರ ಕೆಟ್ಟಿತು! ಡಿಸ್ಕ್‌ನಲ್ಲಿ ಸಾಕಷ್ಟು ಜಾಗವಿರಲಿ. ಮರ್ಜ್ ಮುಗಿಯುವವರೆಗೆ, ಎಷ್ಟು ಹೊತ್ತಾದರೂ, ಸರ್ವರ್ ಮುಟ್ಟಬೇಡಿ. ಆಮೇಲೆ ಮತ್ತೊಮ್ಮೆ ಸೆಟ್ಟಿಂಗ್ಸ್ ನೋಡಿ.

ಈಗ ಮಷೀನನ್ನು ಪೂರ್ತಿ ಶಟ್‌ಡೌನ್ ಮಾಡಿ. ‘ಸೇವ್’ ಒತ್ತಬೇಡಿ, ಹಳೆಯದರ ಸೇವ್ಡ್ ಸ್ಟೇಟ್ ಹೊಸದರಲ್ಲಿ ತೆರೆಯದೇ ಇರಬಹುದು. ನಂತರ ಅದನ್ನು ಎಕ್ಸ್‌ಪೋರ್ಟ್ ಮಾಡಿ; ಅದಕ್ಕೆ ಬಳಸುವ ಯುಎಸ್‌ಬಿ ಡಿಸ್ಕ್ ಎನ್‌ಟಿಎಫ್‌ಎಸ್ ಆಗಿರಲಿ. ಫ್ಯಾಟ್32 ಇದ್ದರೆ 4 ಜಿಬಿ ದಾಟಿದ ಫೈಲ್ ಅದರಲ್ಲಿ ಕೂರುವುದಿಲ್ಲ.

ಹೊಸ ಸರ್ವರ್ 2016 ಅಥವಾ 2019 ಆಗಿದ್ದರೆ ಇಂಪೋರ್ಟ್ ನೇರವಾಗಿ ಆಗುತ್ತದೆ. 2022 ಅಥವಾ 2025 ಆಗಿದ್ದರೆ ಆಗುವುದಿಲ್ಲ. 2012 ಆರ್2ನಲ್ಲಿ ಹುಟ್ಟಿದ ಮಷೀನಿನ ಕಾನ್ಫಿಗರೇಶನ್ ವರ್ಶನ್ 5.0, ಅದನ್ನು ಅವು ಒಪ್ಪುವುದಿಲ್ಲ. ಗಾಬರಿ ಬೇಡ. ಹೊಸ ಮಷೀನ್ ರಚಿಸಿ, ತಂದಿರುವ ವಿಎಚ್‌ಡಿಎಕ್ಸ್ ಫೈಲನ್ನೇ ಅದಕ್ಕೆ ಡಿಸ್ಕ್ ಆಗಿ ಜೋಡಿಸಿ. ಹಳೆಯದು ಜನರೇಶನ್ 1 ಇದ್ದರೆ ಹೊಸದೂ 1 ಇರಬೇಕು. 2 ಕೊಟ್ಟರೆ ಬೂಟ್ ಆಗುವುದಿಲ್ಲ. ಹೀಗೆ ಮಾಡಿದಾಗ ನೆಟ್‌ವರ್ಕ್ ಕಾರ್ಡ್ ಹೊಸದೆಂದು ಕಾಣುವುದರಿಂದ ಐಪಿ ಮತ್ತೆ ಹಾಕಬೇಕು. ಮ್ಯಾಕ್ ವಿಳಾಸಕ್ಕೆ ಕಟ್ಟಿದ ಲೈಸೆನ್ಸ್ ಇದ್ದರೆ ಹಳೆ ವಿಳಾಸ ಬರೆದಿಟ್ಟುಕೊಂಡು ಅದನ್ನೇ ಕೊಡಿ. ಡಾಂಗಲ್ ಇರುವ ಸಾಫ್ಟ್‌ವೇರ್ ಆದರೆ ಕಂಪನಿಯವರನ್ನು ಮೊದಲೇ ಕೇಳಿ.

ಇಂಪೋರ್ಟ್ ಆದ ಮಷೀನಿನ ವರ್ಶನ್ ಏರಿಸಲು ಅವಸರ ಬೇಡ, ಏರಿಸಿದ ಮೇಲೆ ಹಳೆ ಸರ್ವರ್‌ಗೆ ವಾಪಸ್ ಒಯ್ಯಲು ಬರುವುದಿಲ್ಲ. ಎರಡೂ ಕಡೆ ಒಟ್ಟಿಗೆ ಚಾಲೂ ಮಾಡಬೇಡಿ. ಕೊನೆಯ ವೋಚರ್ ತಾಳೆ ನೋಡಿ, ಹಳೆಯದರ ನೆಟ್‌ವರ್ಕ್ ಕೇಬಲ್ ಕಿತ್ತು ಒಂದು ತಿಂಗಳು ಹಾಗೇ ಇಡಿ.

ಮಷೀನಿನ ಒಳಗಿನ ವಿಂಡೋಸ್ ಇಷ್ಟಾದರೂ ಹಳೆಯದೇ. ಅದನ್ನು 2022ಕ್ಕೆ ಏರಿಸಲು ನಡುವೆ 2016 ಅಥವಾ 2019 ಹಾಕಬೇಕು, 2025ಕ್ಕೆ ನೇರ ದಾರಿಯಿದೆ. ಲೈಸೆನ್ಸ್: ಸ್ಟ್ಯಾಂಡರ್ಡ್ ಒಂದಕ್ಕೆ ಎರಡು ವರ್ಚುವಲ್ ಮಷೀನ್, ಕನಿಷ್ಠ 16 ಕೋರ್.