ಮೀನಿಲ್ಲದ ತೊಟ್ಟಿಗೆ ಗೊಬ್ಬರ: ಕೊಪ್ಪದಲ್ಲಿ ನಾವು ಮಾಡಿದ ಅಮೋನಿಯಾ ಲೆಕ್ಕ

ಸೆಮಿಸ್ಟರ್ ರಜೆಗೆ ನಾವು ಮೂರು ಜನ ರೂಮ್‌ಮೇಟ್ಸ್ ಕೊಪ್ಪಕ್ಕೆ ಹೋಗಿದ್ವಿ. ಮಲೆನಾಡಿನ ಕೊಪ್ಪ ಅಲ್ಲ, ಮದ್ದೂರು ತಾಲ್ಲೂಕಿನ ಕೊಪ್ಪ. ಸುತ್ತ ಕಬ್ಬಿನ ಗದ್ದೆ, ಊರಿಗೊಂದು ಸಕ್ಕರೆ ಕಾರ್ಖಾನೆ. ನಮ್ಮಲ್ಲಿ ಒಬ್ಬನ ಊರು ಅದು. ಅವನ ಅಕ್ಕನ ಮಗಳಿಗೆ ಆರು ವರ್ಷ. ನಾವು ಹೋದಾಗ ಒಂದು ಖಾಲಿ ಗಾಜಿನ ತೊಟ್ಟಿ ಪಕ್ಕ ಕೂತಿದ್ದಳು. ಎರಡು ವಾರದ ಹಿಂದೆ ಅದಕ್ಕೆ ನಾಲ್ಕು ಗೋಲ್ಡ್‌ಫಿಶ್ ತಂದು ಬಿಟ್ಟಿದ್ರಂತೆ. ಐದನೇ ದಿನಕ್ಕೆ ಒಂದೂ ಉಳಿಯಲಿಲ್ಲ. "ಮಾಮ, ನಾನು ಜಾಸ್ತಿ ಊಟ ಹಾಕಿದ್ದಕ್ಕೆ ಸತ್ತೋದ್ವಾ?" ಅಂತ ಕೇಳಿದಳು. ಮನೇಲಿ ಎಲ್ಲರೂ ಅವಳಿಗೆ ಅದನ್ನೇ ಹೇಳಿದ್ರು.

ಇಲ್ಲ ಅಂತ ಹೇಳಿದ್ವಿ. ಆದ್ರೆ ಯಾಕೆ ಇಲ್ಲ ಅಂತ ಹೇಳೋಕೆ ನಮಗೇ ಒಂದು ರಾತ್ರಿ ಓದಬೇಕಾಯ್ತು.

ಮೀನು ಕಿವಿರಿನ ಮೂಲಕ ಅಮೋನಿಯಾ ಹೊರಹಾಕುತ್ತೆ. ಮಿಕ್ಕಿದ ಊಟ ಕೊಳೆತರೂ ಅಮೋನಿಯಾನೇ. ಹಳೇ ತೊಟ್ಟಿಯಲ್ಲಿ ಫಿಲ್ಟರ್ ಸ್ಪಾಂಜ್ ಮೇಲೆ, ಮರಳಿನ ಮೇಲೆ ಬ್ಯಾಕ್ಟೀರಿಯಾ ಕೂತಿರ್ತಾವೆ. ಒಂದು ಗುಂಪು ಅಮೋನಿಯಾವನ್ನ ನೈಟ್ರೈಟ್ ಮಾಡುತ್ತೆ, ಇನ್ನೊಂದು ಗುಂಪು ನೈಟ್ರೈಟನ್ನ ನೈಟ್ರೇಟ್ ಮಾಡುತ್ತೆ. ಅಮೋನಿಯಾ ಕಿವಿರು ಸುಡುತ್ತೆ, ನೈಟ್ರೈಟ್ ರಕ್ತದ ಹಿಮೋಗ್ಲೋಬಿನ್ ಕೆಡಿಸುತ್ತೆ. ನೈಟ್ರೇಟ್ ಮಾತ್ರ ಸ್ವಲ್ಪ ಹೆಚ್ಚಿದ್ರೂ ಮೀನು ತಡ್ಕೊಳ್ಳುತ್ತೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ. ಅನುಕೂಲ ಇದ್ದಾಗ ಇ. ಕೋಲೈ 20 ನಿಮಿಷಕ್ಕೆ ಎರಡರಷ್ಟಾದ್ರೆ, ಇವಕ್ಕೆ ಹೆಚ್ಚುಕಡಿಮೆ ಒಂದು ದಿನ ಬೇಕು. ಅಂದ್ರೆ ಆ ಗೋಲ್ಡ್‌ಫಿಶ್‌ಗಳು ತಿಂದಿದ್ದು ಜಾಸ್ತಿನೋ ಕಮ್ಮಿನೋ, ಆ ತೊಟ್ಟಿ ಇನ್ನೂ ಮೀನಿಗೆ ತಯಾರಾಗಿರಲಿಲ್ಲ.

ಮೀನು ಬಿಡೋಕೆ ಮುಂಚೆ ಬರೀ ಅಮೋನಿಯಾ ಹಾಕಿ ಬ್ಯಾಕ್ಟೀರಿಯಾ ಸಾಕೋದಕ್ಕೆ ಫಿಶ್‌ಲೆಸ್ ಸೈಕ್ಲಿಂಗ್ ಅಂತಾರೆ. ಬೇರೆ ದೇಶಗಳಲ್ಲಿ ಶುದ್ಧ ಅಮೋನಿಯಾ ದ್ರಾವಣದ ಬಾಟಲಿ ಅಂಗಡಿಯಲ್ಲೇ ಸಿಗುತ್ತಂತೆ. ಕೊಪ್ಪದ ಬಸ್ ಸ್ಟ್ಯಾಂಡ್ ಹತ್ರ ಎಲ್ಲಿ ಸಿಗುತ್ತೆ? ಹಾಗಾಗಿ ಮನೇಲಿ, ಗದ್ದೇಲಿ, ಸಂತೇಲಿ ಸಿಗೋದನ್ನೆಲ್ಲ ಪಟ್ಟಿ ಮಾಡಿದ್ವಿ.

ಒಣ ಸೀಗಡಿ ಮೊದಲು ನೆನಪಾಯ್ತು. ಕೊಳೆತರೆ ಅಮೋನಿಯಾ ಖಂಡಿತ ಬರುತ್ತೆ. ಆದ್ರೆ ಎಷ್ಟು, ಯಾವಾಗ ಅಂತ ಲೆಕ್ಕ ಸಿಗಲ್ಲ; ಉಪ್ಪು ಬೇರೆ ಇರುತ್ತೆ, ಬೂಷ್ಟು ಹಿಡಿಯುತ್ತೆ, ಹಾಲ್‌ನಲ್ಲಿ ಇಟ್ಟ ತೊಟ್ಟಿ ನಾರುತ್ತೆ. ಕೊಟ್ಟಿಗೆಯ ಗಂಜಲ ಎರಡನೆಯದು. ಅದರಲ್ಲಿ ಯೂರಿಯಾ ಇದೆ, ಜೊತೆಗೆ ಬೇರೆ ಏನೇನೋ ಇದೆ. ಹಸುವಿಗೆ ಹೋದ ವಾರ ಇಂಜೆಕ್ಷನ್ ಕೊಡಿಸಿದ್ರೆ ಅದೂ ಬರುತ್ತೆ. ಮೂರನೆಯದನ್ನ ನೀವು ಆಗಲೇ ಊಹಿಸಿರ್ತೀರಿ. ಹೌದು, ಲೆಕ್ಕದ ಪ್ರಕಾರ ಅದೂ ಆಗುತ್ತೆ. ಮನುಷ್ಯರ ಮೂತ್ರದಲ್ಲಿ ಲೀಟರಿಗೆ ಸುಮಾರು 20 ಗ್ರಾಂ ಯೂರಿಯಾ ಅಂತ ಹಿಡಿದ್ರೆ ನಮ್ಮ ತೊಟ್ಟಿಗೆ 10 ಮಿಲಿ ಸಾಕು. ಅಕ್ಕನ ಮನೆ, ಅಡುಗೆಮನೆ ಪಕ್ಕದ ತೊಟ್ಟಿ. ಆ ವಿಷಯ ಅಲ್ಲಿಗೇ ಬಿಟ್ವಿ.

ಉಳಿದದ್ದು ಕಬ್ಬಿಗೆ ಹಾಕೋ ಯೂರಿಯಾ. ಮನೆ ಹಿಂದಿನ ಶೆಡ್‌ನಲ್ಲಿ 45 ಕೆಜಿಯ ಮೂಟೆ ಇತ್ತು. ಒಂದು ಯೂರಿಯಾ ಅಣು ಒಡೆದ್ರೆ ಎರಡು ಅಮೋನಿಯಾ. ಯೂರಿಯಾದ ಅಣುತೂಕ 60, ಎರಡು ಅಮೋನಿಯಾದ್ದು 34. ಅಂದ್ರೆ 1 ಗ್ರಾಂಗೆ 0.57 ಗ್ರಾಂ. ತೊಟ್ಟಿಯಲ್ಲಿ ನೀರು 50 ಲೀಟರ್, ಬೇಕಾಗಿದ್ದು 2 ಪಿಪಿಎಂ, ಅಂದ್ರೆ 100 ಮಿಲಿಗ್ರಾಂ ಅಮೋನಿಯಾ. ಅದಕ್ಕೆ ಯೂರಿಯಾ 176 ಮಿಲಿಗ್ರಾಂ. ಅಷ್ಟು ಚಿಕ್ಕ ತೂಕ ಮನೇಲಿ ತೂಗೋಕಾಗಲ್ಲ. ಅದಕ್ಕೆ ಒಂದು ಲೀಟರ್ ನೀರಿಗೆ 17.6 ಗ್ರಾಂ ಕರಗಿಸಿ, ಅದರಲ್ಲಿ 10 ಮಿಲಿ ಸಿರಿಂಜ್‌ನಲ್ಲಿ ತೊಟ್ಟಿಗೆ ಹಾಕಿದ್ವಿ. ಅಜ್ಜಿ ಬಾಗಿಲಲ್ಲಿ ನಿಂತು ನೋಡ್ತಾ ಇದ್ರು. "ಏನ್ರಲಾ ಮಕ್ಕಳಾ, ಮೀನೇ ಇಲ್ದಿರೋ ತೊಟ್ಟಿಗೆ ಗೊಬ್ಬರ ಆಕ್ತಿದ್ದೀರಲ್ಲಾ, ಅದ್ರಾಗೆ ಕಬ್ಬು ಬೆಳೀತೀರಾ?"

ಮಾರನೇ ದಿನ ಟೆಸ್ಟ್ ಕಿಟ್ಟಲ್ಲಿ ಅಮೋನಿಯಾ ಸೊನ್ನೆ. ಮೂರನೇ ದಿನ ಸೊನ್ನೆ. ಐದನೇ ದಿನವೂ ಸೊನ್ನೆ. ಇಲ್ಲಿ ನಾವು ಮಾಡಿದ ದಡ್ಡತನ ಕೇಳಿ. ಗೊಬ್ಬರ ಹಳೇದು, ಸತ್ವ ಹೋಗಿದೆ ಅಂತ ತೀರ್ಮಾನ ಮಾಡಿ ನೇರವಾಗಿ ಒಂದು ಟೀ ಚಮಚ, ಸುಮಾರು 4 ಗ್ರಾಂ, ಸುರಿದುಬಿಟ್ವಿ. ಒಂಬತ್ತನೇ ದಿನ ಕಿಟ್ಟಿನ ಬಣ್ಣ ಚಾರ್ಟ್‌ನ ಕೊನೇ ಹಸಿರನ್ನೂ ದಾಟಿತ್ತು. ಎಲ್ಲಾ ಒಡೆದ್ರೆ 45 ಪಿಪಿಎಂಗಿಂತ ಹೆಚ್ಚಾಗುತ್ತೆ ಅಂತ ಆಮೇಲೆ ಲೆಕ್ಕ ಹಾಕಿದ್ವಿ. ಅಷ್ಟರಲ್ಲಿ ಬೇಕಾದ ಬ್ಯಾಕ್ಟೀರಿಯಾಗೂ ಉಸಿರು ಕಟ್ಟುತ್ತೆ.

ಆಗಿದ್ದೇನು ಅಂದ್ರೆ ಯೂರಿಯಾ ಅಮೋನಿಯಾ ಅಲ್ಲ. ಅಮೋನಿಯಾ ಕಿಟ್‌ಗೆ ಅದು ಕಾಣೋದೇ ಇಲ್ಲ. ಅದನ್ನ ಒಡೆಯೋಕೆ ಯೂರಿಯೇಸ್ ಅನ್ನೋ ಕಿಣ್ವ ಬೇಕು. ಗದ್ದೆ ಮಣ್ಣಲ್ಲಿ ಅದು ಧಾರಾಳ, ಹಾಗಾಗಿ ಕಬ್ಬಿಗೆ ಕೆಲಸ ಬೇಗ ಆಗುತ್ತೆ. ತೊಳೆದ ಗಾಜು, ತೊಳೆದ ಮರಳಿನಲ್ಲಿ ಎಲ್ಲಿಂದ ಬರಬೇಕು? ಕಿಣ್ವ ಮಾಡೋ ಬ್ಯಾಕ್ಟೀರಿಯಾ ಮೊದಲು ಬೆಳೀಬೇಕು, ಅದಕ್ಕೇ ಆ ದಿನಗಳು. ಯೂರಿಯೇಸ್ ಚರಿತ್ರೆಯಲ್ಲೂ ದೊಡ್ಡ ಹೆಸರು. ಜೇಮ್ಸ್ ಸಮ್ನರ್ 1926ರಲ್ಲಿ ಜ್ಯಾಕ್ ಬೀನ್ ಅನ್ನೋ ಕಾಳಿನಿಂದ ಇದನ್ನ ಹರಳಾಗಿಸಿದ್ರು. ಹರಳಾದ ಮೊದಲ ಕಿಣ್ವ ಇದೇ, 1946ರಲ್ಲಿ ಅವರಿಗೆ ನೊಬೆಲ್ ಬಂತು. ಸಿವಿಲ್‌ನವರಿಗೆ ಒಂದು ಮಾತು: 2020ರಲ್ಲಿ ನಮ್ಮ ಐಐಎಸ್‌ಸಿ ಮತ್ತು ಇಸ್ರೋದವರು ಚಂದ್ರನ ಮಣ್ಣಿನಂಥ ಪುಡಿಯಿಂದ ಇಟ್ಟಿಗೆ ಮಾಡಿದ್ದು ಇದೇ ಯೂರಿಯಾ ಒಡೆಯೋ ಬ್ಯಾಕ್ಟೀರಿಯಾ ಬಳಸಿ.

ಅರ್ಧ ನೀರು ತೆಗೆದು ಹೊಸದು ತುಂಬೋದನ್ನ ಮೂರು ಸಲ ಮಾಡಿದ್ವಿ. ಅರ್ಧ, ಕಾಲು, ಅರೆಕಾಲು. 45 ಇದ್ದದ್ದು 6ರ ಹತ್ರ. ಆಮೇಲೆ ಎಂಟು ದಿನ ಕಾದ್ರೂ ನೈಟ್ರೈಟ್ ಕಾಣಲಿಲ್ಲ. ಆಗ ಮೂಟೆ ಮೇಲಿನ ಅಕ್ಷರ ಓದಿದ್ವಿ: ಬೇವು ಲೇಪಿತ ಯೂರಿಯಾ. ನಮ್ಮ ದೇಶದಲ್ಲಿ ತಯಾರಾಗೋ ಗೊಬ್ಬರದ ಯೂರಿಯಾಕ್ಕೆಲ್ಲ 2015ರಿಂದ ಬೇವಿನೆಣ್ಣೆ ಲೇಪನ ಕಡ್ಡಾಯ. ಯಾಕೆ? ಮಣ್ಣಲ್ಲಿ ಅಮೋನಿಯಾ ಬೇಗ ನೈಟ್ರೇಟ್ ಆಗಿ ನೀರಿನ ಜೊತೆ ಕೊಚ್ಚಿಹೋಗಬಾರದು ಅಂತ, ಆ ಬ್ಯಾಕ್ಟೀರಿಯಾಗಳ ಕೆಲಸ ನಿಧಾನ ಮಾಡೋಕೆ. ಅಂದ್ರೆ ಯಾವ ಬ್ಯಾಕ್ಟೀರಿಯಾ ಸಾಕೋಕೆ ಹೊರಟಿದ್ವೋ, ಅದರ ಊಟದ ಜೊತೆಗೇ ಅದಕ್ಕೆ ಬ್ರೇಕ್ ಕೂಡ ಬಡಿಸ್ತಾ ಇದ್ವಿ! ಎಂಟು ದಿನ ಹೇಗೂ ಕಡಿಮೆ ಸಮಯ, ಎಲ್ಲಾ ತಪ್ಪು ಬೇವಿನ ಮೇಲೆ ಹಾಕಲ್ಲ. ಆದ್ರೂ ಬೇವು ಲೇಪಿಸಿದ ಯೂರಿಯಾ ತೊಟ್ಟಿಗೆ ಬೇಡ ಅನ್ನೋದು ನಮ್ಮ ಅಭಿಪ್ರಾಯ. ಡಿಎಪಿಯೂ ಬೇಡ, ಅದರ ರಂಜಕಕ್ಕೆ ಪಾಚಿ ಕಟ್ಟುತ್ತೆ. ಬಯೋಫ್ಲಾಕ್ ಮೀನು ಸಾಕಣೆಯವರ ಹಾಗೆ ಬೆಲ್ಲ ಹಾಕೋಣ ಅಂತಲೂ ಒಬ್ಬ ಹೇಳಿದ. ಬೆಲ್ಲ ತಿಂದು ಬೆಳೆಯೋವು ಬೇರೆ ಬ್ಯಾಕ್ಟೀರಿಯಾ. ಅವು ಅಮೋನಿಯಾವನ್ನ ಮೈಗೆ ಸೇರಿಸ್ಕೊಂಡು ಬೆಳೀತಾವೆ, ಕಿಟ್ ಸೊನ್ನೆ ತೋರಿಸುತ್ತೆ, ತೊಟ್ಟಿ ತಯಾರಾಯ್ತು ಅಂತ ನಾವು ಮೋಸ ಹೋಗ್ತೀವಿ.

ದಾರಿ ತೋರಿಸಿದ್ದು ಅಜ್ಜಿ. ಅಮೋನಿಯಾ ಅಂದ್ರೆ ಎಂಥ ವಾಸನೆ ಅಂತ ಅವರಿಗೆ ವಿವರಿಸ್ತಿದ್ದಾಗ, "ಕಲಾಯಿ ಸಾಬರು ನವಸಾಗರ ಆಕ್ದಾಗ ಗಮ್ಮಂತ ಮೂಗಿಗೆ ಒಡೀತಿತ್ತಲ್ಲ, ಅಂಗಾ?" ಅಂದ್ರು. ನವಸಾಗರ ಅಂದ್ರೆ ಅಮೋನಿಯಂ ಕ್ಲೋರೈಡ್. ಕಾದ ಹಿತ್ತಾಳೆ ಪಾತ್ರೆಗೆ ಎರಚಿದ್ರೆ ಅದು ಅಮೋನಿಯಾ ಮತ್ತು ಹೈಡ್ರೋಜನ್ ಕ್ಲೋರೈಡ್ ಆಗಿ ಒಡೆದು, ಕಿಲುಬು ತೆಗೆದು, ತವರ ಹಿಡಿಯೋ ಹಾಗೆ ಮಾಡುತ್ತೆ. ಬರೋ ಬಿಳಿ ಹೊಗೆ ಅವೆರಡೂ ಮತ್ತೆ ಕೂಡಿದ್ದು. ನಾವು ಪಿಯುಸಿ ಲ್ಯಾಬಲ್ಲಿ ಸಾಲ್ಟ್ ಅನಾಲಿಸಿಸ್‌ಗೆ ಇದನ್ನೇ ಹತ್ತು ಸಲ ಬಿಸಿ ಮಾಡಿದ್ದೀವಿ, ತಲೆಗೆ ಹೊಳೆದಿರಲಿಲ್ಲ ನೋಡಿ.

ಅಂಗಡಿಯ ನವಸಾಗರದಲ್ಲಿ ಕಸ ಇರಬಹುದು ಅಂತ ಲ್ಯಾಬ್ ಗ್ರೇಡ್ 100 ಗ್ರಾಂ ತರಿಸಿದ್ವಿ. ಇದು ನೀರಿಗೆ ಬಿದ್ದ ಕೂಡಲೇ ಕಿಟ್ಟಲ್ಲಿ ಕಾಣುತ್ತೆ, ಕಾಯೋ ಕೆಲಸ ಇಲ್ಲ. ಅಣುತೂಕ 53.5, ಅದರಲ್ಲಿ ಅಮೋನಿಯಾ 17. ಲೀಟರಿಗೆ 31.5 ಗ್ರಾಂ ಕರಗಿಸಿದ್ರೆ 10 ಮಿಲಿಗೆ ನಮ್ಮ 50 ಲೀಟರ್ ತೊಟ್ಟಿ 2 ಪಿಪಿಎಂ ಆಗುತ್ತೆ. ಇದನ್ನ ಸುಣ್ಣದ ಜೊತೆ ಇಡಬೇಡಿ, ಅಮೋನಿಯಾ ಅನಿಲ ಬರುತ್ತೆ. ಬ್ಲೀಚಿಂಗ್ ಪೌಡರ್ ಹತ್ರವಂತೂ ತರಲೇಬೇಡಿ, ವಿಷದ ಅನಿಲ ಬರುತ್ತೆ.

ತೊಟ್ಟಿ ಪೂರ್ತಿ ಖಾಲಿ ಮಾಡಿ ಬೋರ್‌ವೆಲ್ ನೀರು ತುಂಬಿದ್ವಿ. ಏನೂ ಹಾಕದ ಆ ನೀರಲ್ಲೇ ಕಿಟ್ ನೈಟ್ರೇಟ್ ತೋರಿಸ್ತು, ಹಾಗಾಗಿ ಮೊದಲ ದಿನದ ಅಂಕಿ ಬರೆದಿಡಿ, ಇಲ್ಲಾಂದ್ರೆ ಆಮೇಲೆ ಗೊಂದಲ. ಬೋರ್ ನೀರು ಗಡಸು, ಈ ಕೆಲಸಕ್ಕೆ ಅದು ಒಳ್ಳೇದೇ. 1 ಮಿಲಿಗ್ರಾಂ ಅಮೋನಿಯಾ ನೈಟ್ರೋಜನ್ ನೈಟ್ರೇಟ್ ಆಗೋಷ್ಟರಲ್ಲಿ ನೀರಿನ ಸುಮಾರು 7 ಮಿಲಿಗ್ರಾಂ ಕ್ಷಾರ ಖರ್ಚಾಗುತ್ತೆ. ಹಾಸ್ಟೆಲ್ಲಿನ ಆರ್‌ಓ ನೀರಲ್ಲಿ ಮಾಡಿದ್ರೆ ಪಿಎಚ್ ಕುಸಿದು ಬ್ಯಾಕ್ಟೀರಿಯಾ ಮಧ್ಯದಲ್ಲೇ ನಿಂತುಬಿಡ್ತಾವೆ. ಆದ್ರೆ ಪಿಎಚ್ ಏರಿದಷ್ಟೂ ಅಮೋನಿಯಾ ಮೀನಿಗೆ ವಿಷ: 25 ಡಿಗ್ರಿಯಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷದ ರೂಪ ಶೇಕಡಾ 1ಕ್ಕಿಂತ ಕಡಿಮೆ, 8 ಇದ್ದಾಗ ಸುಮಾರು 5. ಗೋಲ್ಡ್‌ಫಿಶ್‌ಗಳಿಗೆ ಸಿಕ್ಕಿದ್ದು ಈ ಎರಡನೇ ಥರದ ನೀರು.

ಅಷ್ಟೊತ್ತಿಗೆ ರಜೆ ಮುಗೀತು. ಅಕ್ಕ ದಿನಾ ಟೆಸ್ಟ್ ಟ್ಯೂಬಿನ ಫೋಟೋ ವಾಟ್ಸಾಪ್ ಮಾಡೋರು, ನಾವು ಮೆಸ್ಸಲ್ಲಿ ಕೂತು ಬಣ್ಣ ಹೋಲಿಸೋದು. 13ನೇ ದಿನ ನೈಟ್ರೈಟ್‌ನ ಗುಲಾಬಿ ಬಣ್ಣ ಬಂತು. 21ನೇ ದಿನ ಅಮೋನಿಯಾ ಸೊನ್ನೆಗೆ ಇಳೀತು. ಆದ್ರೆ ನೈಟ್ರೈಟ್ ಹಠ ಹಿಡಿದು ಕೂತಿತ್ತು. ಈ ಹಂತದಲ್ಲೇ ತುಂಬಾ ಜನ ಮೀನು ಬಿಟ್ಟು ಕೆಡ್ತಾರೆ. 38ನೇ ದಿನ 2 ಪಿಪಿಎಂ ಹಾಕಿ 24 ಗಂಟೆ ಬಿಟ್ಟು ನೋಡಿದ್ರೆ ಎರಡೂ ಸೊನ್ನೆ. ಮಾರನೇ ದಿನವೂ ಹಾಗೇ. ನೈಟ್ರೇಟ್ ತುಂಬಿದ ಮುಕ್ಕಾಲು ನೀರನ್ನ ಅಜ್ಜಿ ಕರಿಬೇವಿನ ಗಿಡಕ್ಕೆ ಹಾಕಿಸಿದ್ರು.

50 ಲೀಟರ್‌ಗೆ ನಾಲ್ಕು ಗೋಲ್ಡ್‌ಫಿಶ್ ಹೇಗೂ ಜಾಸ್ತಿ, ಅದಕ್ಕೆ ಈ ಸಲ ಗಪ್ಪಿ. ಮೊದಲ ವಾರ ಮೂರು, ಆಮೇಲೆ ಇನ್ನು ಮೂರು. ಕಿಟ್ ಅಲ್ಲೇ ಬಿಟ್ಟಿದ್ದೀವಿ. ಪ್ರತಿ ಭಾನುವಾರ ಅಕ್ಕ ಟ್ಯೂಬ್ ಹಿಡ್ಕೊಂಡ್ರೆ ಹನಿ ಎಣಿಸೋದು ಆ ಹುಡುಗಿ. ಊಟ ಹಾಕೋದೂ ಈಗ ಅವಳೇ.