ಹಳೆಯ ಲ್ಯಾಪ್‌ಟಾಪ್ ತೆರೆಯದಿದ್ದಾಗ: ಪೆನ್‌ಡ್ರೈವ್ ಮೂಲಕ ಲೆಕ್ಕಪುಸ್ತಕಗಳ ರಕ್ಷಣೆ

ಹತ್ತು ಹನ್ನೆರಡು ವರ್ಷ ದುಡಿದ ಲ್ಯಾಪ್‌ಟಾಪ್ ಒಂದು ಬೆಳಿಗ್ಗೆ ವಿಂಡೋಸ್ ತೆರೆಯದೆ ಕಪ್ಪು ಪರದೆಯಲ್ಲೇ ನಿಂತರೆ ವರ್ತಕರು ಅದನ್ನು ಸಾಮಾನ್ಯವಾಗಿ ದುರಸ್ತಿ ಅಂಗಡಿಗೆ ಕಳುಹಿಸುತ್ತಾರೆ. ಅಲ್ಲಿ 'ಫಾರ್ಮ್ಯಾಟ್' ಆಗಿ ಯಂತ್ರವು ಸಂಜೆಯೊಳಗೆ ಹಿಂದಿರುಗಬಹುದು. ಅದರೊಳಗಿದ್ದ ಟ್ಯಾಲಿ ಲೆಕ್ಕ ಹಿಂದಿರುಗುವುದಿಲ್ಲ. ಕೇಂದ್ರ ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳು ಉಳಿಸಿಕೊಳ್ಳಬೇಕು. 2013ರ ಕಂಪನಿ ಕಾಯ್ದೆಯ 128ನೇ ಕಲಮು ಕಂಪನಿಗಳಿಗೆ ಎಂಟು ಹಣಕಾಸು ವರ್ಷಗಳ ಅವಧಿಯನ್ನು ವಿಧಿಸಿದೆ. 'ಲ್ಯಾಪ್‌ಟಾಪ್ ಕೆಟ್ಟಿತು' ಎಂಬ ಉತ್ತರ ಅಧಿಕಾರಿಗಳ ಮುಂದೆ ನಿಲ್ಲುವಂಥದಲ್ಲ.

ಗೋದಾಮಿನ ಬೀಗ ಕೆಟ್ಟ ಮಾತ್ರಕ್ಕೆ ಒಳಗಿನ ಸರಕು ಹಾಳಾಗುವುದಿಲ್ಲ. ವಿಂಡೋಸ್ ಕೆಟ್ಟಾಗಲೂ ಹಾರ್ಡ್ ಡಿಸ್ಕಿನಲ್ಲಿರುವ ಕಡತಗಳು ಬಹುಮಟ್ಟಿಗೆ ಸುರಕ್ಷಿತವಾಗಿಯೇ ಇರುತ್ತವೆ. ಪೆನ್‌ಡ್ರೈವ್‌ನಿಂದಲೇ ನಡೆಯುವ ಲಿನಕ್ಸ್ ಮೂಲಕ ಅವುಗಳನ್ನು ಹೊರತೆಗೆಯಬಹುದು. ಇದಕ್ಕೆ ಶುಲ್ಕವಿಲ್ಲ. ಆದರೆ ಡಿಸ್ಕಿನಿಂದ 'ಟಕ್ ಟಕ್' ಸದ್ದು ಬರುತ್ತಿದ್ದರೆ ಯಂತ್ರವನ್ನು ಮತ್ತೆ ಮತ್ತೆ ಚಾಲೂ ಮಾಡದೆ ದತ್ತಾಂಶ ಮರಳಿಸುವ ತಜ್ಞರಿಗೆ ಒಪ್ಪಿಸುವುದೇ ಲೇಸು.

ಬೇರೊಂದು ಕಂಪ್ಯೂಟರಿನಲ್ಲಿ ಲಿನಕ್ಸ್ ಮಿಂಟ್‌ನ ಕಡತವನ್ನು ಇಳಿಸಿಕೊಂಡು, ರೂಫಸ್ ಎಂಬ ತಂತ್ರಾಂಶದಿಂದ 8 ಜಿಬಿಯ ಪೆನ್‌ಡ್ರೈವ್‌ಗೆ ಬರೆಯಬೇಕು. ಆ ಪೆನ್‌ಡ್ರೈವ್‌ನಲ್ಲಿ ಮೊದಲಿದ್ದುದೆಲ್ಲ ಅಳಿಸಿಹೋಗುತ್ತದೆ. ಹೆಚ್ಚಿನವರು ಎಡವುವುದು ಇಲ್ಲಿಯೇ: ಹಲವು ಹಳೆಯ ಯಂತ್ರಗಳಲ್ಲಿರುವುದು ಯುಇಎಫ್‌ಐ ಅಲ್ಲ, ಬಯಾಸ್. ಆದ್ದರಿಂದ ರೂಫಸ್‌ನಲ್ಲಿ ಜಿಪಿಟಿಯ ಬದಲು ಎಂಬಿಆರ್ ಆರಿಸಬೇಕು; ಇಲ್ಲವಾದರೆ ಪೆನ್‌ಡ್ರೈವ್ ಸರಿಯಿದ್ದರೂ ಯಂತ್ರ ಅದನ್ನು ಗುರುತಿಸದೆ ಹೋಗಬಹುದು. ನೀಲಿ ಬಣ್ಣದ ಯುಎಸ್‌ಬಿ 3.0 ಕಿಂಡಿಯಿಂದ ಆರಂಭವಾಗದಿದ್ದರೆ ಕಪ್ಪು ಕಿಂಡಿಗೆ ಬದಲಾಯಿಸಿ ನೋಡಬೇಕು. ಪ್ರೊಸೆಸರ್‌ನ ಹೆಸರನ್ನೂ ಗಮನಿಸತಕ್ಕದ್ದು. 2006ರಲ್ಲಿ ಬಂದ ಕೋರ್ ಡ್ಯುಯೊ 32 ಬಿಟ್‌ನದು. ಅದೇ ವರ್ಷದ ಕೋರ್ 2 ಡ್ಯುಯೊ 64 ಬಿಟ್‌ನದು. ಒಂದು ಅಂಕಿಯ ವ್ಯತ್ಯಾಸಕ್ಕೆ ಅರ್ಧ ದಿನ ಕಳೆದುಕೊಂಡವರಿದ್ದಾರೆ. 32 ಬಿಟ್‌ನ ಯಂತ್ರಕ್ಕೆ 2023ರ ಎಲ್‌ಎಂಡಿಇ 6 ಆವೃತ್ತಿಯ 32 ಬಿಟ್ ಪ್ರತಿ ಹೊಂದುತ್ತದೆ.

ಪೆನ್‌ಡ್ರೈವ್ ಸಿಕ್ಕಿಸಿ, ಯಂತ್ರ ಚಾಲೂ ಮಾಡಿದ ಕೂಡಲೇ ಡೆಲ್ ಮತ್ತು ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9 ಕೀಲಿಯನ್ನು ಒತ್ತುತ್ತಿದ್ದರೆ ಪಟ್ಟಿಯೊಂದು ಮೂಡುತ್ತದೆ. ಅದರಲ್ಲಿ ಯುಎಸ್‌ಬಿಯನ್ನು ಆರಿಸಬೇಕು. ಕೆಲವು ನಿಮಿಷಗಳಲ್ಲಿ ಮಿಂಟ್‌ನ ಪರದೆ ತೆರೆಯುತ್ತದೆ. ಅಲ್ಲಿ ಕಾಣುವ 'ಇನ್‌ಸ್ಟಾಲ್' ಚಿತ್ರವನ್ನು ಮಾತ್ರ ಯಾವ ಕಾರಣಕ್ಕೂ ಒತ್ತಬಾರದು. ಆ ದಾರಿ ಇಡೀ ಡಿಸ್ಕನ್ನು ಅಳಿಸುವಲ್ಲಿಗೂ ಒಯ್ಯಬಲ್ಲದು.

ಕಡತಗಳ ಕಿಟಕಿಯಲ್ಲಿ ಹಳೆಯ ಡಿಸ್ಕನ್ನು ತೆರೆದು, ಟ್ಯಾಲಿಯ 'ಡೇಟಾ' ಫೋಲ್ಡರನ್ನು ಪೂರ್ಣವಾಗಿ ಎರಡನೆಯ ಪೆನ್‌ಡ್ರೈವ್‌ಗೆ ನಕಲಿಸಬೇಕು. ಕಂಪನಿಯ ಲೆಕ್ಕವಿರುವುದು ಅದರೊಳಗೆ ಅಂಕಿಗಳನ್ನೇ ಹೆಸರಾಗಿ ಹೊಂದಿರುವ ಉಪಫೋಲ್ಡರಿನಲ್ಲಿ. ಎಕ್ಸೆಲ್ ಪಟ್ಟಿಗಳನ್ನೂ ಬಿಲ್ಲುಗಳ ಪಿಡಿಎಫ್‌ಗಳನ್ನೂ ಮರೆಯಬಾರದು. ವಿಂಡೋಸ್ ಸರಿಯಾಗಿ ಮುಚ್ಚಿರದಿದ್ದರೆ ಡಿಸ್ಕು 'ಓದಲು ಮಾತ್ರ' ತೆರೆಯಬಹುದು. ನಕಲಿಗೆ ಅದರಿಂದ ತೊಂದರೆಯಿಲ್ಲ, ಕೈತಪ್ಪಿ ಅಳಿಸುವ ಭಯವೂ ಇರದು. ಬಿಟ್‌ಲಾಕರ್ ಹಾಕಿದ್ದರೆ ಮಾತ್ರ ಅದರ ಪಾಸ್‌ವರ್ಡ್ ಅಥವಾ 48 ಅಂಕಿಗಳ ರಿಕವರಿ ಕೀಲಿ ಬೇಕಾಗುತ್ತದೆ.

ನಕಲನ್ನು ಮತ್ತೊಂದು ಕಂಪ್ಯೂಟರಿನ ಟ್ಯಾಲಿಯಲ್ಲಿ ತೆರೆದು, ಕೊನೆಯ ವೋಚರಿನ ದಿನಾಂಕವನ್ನು ನೋಡಬೇಕು. ಹಿಂದಿನ ಮಾರ್ಚ್ 31ರ ತಾಳೆಪಟ್ಟಿಯನ್ನು ಲೆಕ್ಕಪರಿಶೋಧಕರ ಬಳಿಯಿರುವ ಪ್ರತಿಯೊಂದಿಗೆ ಹೋಲಿಸಬೇಕು. ಎರಡೂ ಹೊಂದಿದ ಮೇಲಷ್ಟೇ ಯಂತ್ರವನ್ನು ಫಾರ್ಮ್ಯಾಟಿಗೆ ಕೊಡತಕ್ಕದ್ದು.