ಚಿಗರಿಯ ವಂಶವೃಕ್ಷ: ಜೀನ್‌ಗಳ ಮಾತು ಒಂದಾಗದಿದ್ದಾಗ

ರಾಣೆಬೆನ್ನೂರಿನ ಕೃಷ್ಣಮೃಗ, ಅಂದರೆ ಚಿಗರಿಯ ಅಭಯಾರಣ್ಯ ಆರಂಭವಾದದ್ದು 1974ರಲ್ಲಿ; ವಿಸ್ತೀರ್ಣ 119 ಚದರ ಕಿಲೋಮೀಟರ್. ಅಲ್ಲಿಂದ ಗೋವಿನಜೋಳದ ಹೊಲಕ್ಕೆ ನುಗ್ಗುವ ಚಿಗರಿ ಹಿಂಡನ್ನು ಹಾವೇರಿ ಸೀಮೆಯ ರೈತರಿಗೆ ಪರಿಚಯಿಸಬೇಕಾಗಿಲ್ಲ. ನಾನು ಕೇಳುವ ಪ್ರಶ್ನೆ ಬೇರೆ: ಈ ಚಿಗರಿಯ ಹತ್ತಿರದ ಸಂಬಂಧಿ ಯಾರು?

ಚುಕ್ಕೆ ಜಿಂಕೆಯಂತೂ ಅಲ್ಲ. ಜಿಂಕೆಯ ಕೋಡು ಉದುರಿ ಮತ್ತೆ ಬೆಳೆಯುತ್ತದೆ. ಚಿಗರಿಯ ಸುರುಳಿ ಕೋಡು ಉದುರುವುದಿಲ್ಲ. ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿರುವ ಚಿಂಕಾರ ಮತ್ತು ಅದರ ಗೆಜೆಲ್ ಬಳಗವೇ ಇದಕ್ಕೆ ಹತ್ತಿರ. ಆದರೆ ಚಿಗರಿಯ ಜಾಗ ಆ ಬಳಗದ ಒಳಗೋ, ಪಕ್ಕದಲ್ಲೋ? ಮೈಟೊಕಾಂಡ್ರಿಯಾದ ಡಿಎನ್ಎ ಓದಿದ ಹಿಂದಿನ ಕೆಲವು ಅಧ್ಯಯನಗಳು ಅದನ್ನು ಗೆಜೆಲ್‌ಗಳ ನಡುವೆಯೇ ಇಟ್ಟಿದ್ದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅನನ್ಯಾ ಜಾನಾ ಮತ್ತು ಕೆ. ಪ್ರವೀಣ್ ಕಾರಂತ್ ಅಷ್ಟಕ್ಕೇ ನಿಲ್ಲದೆ, ಜೀವಕೋಶದ ಕೇಂದ್ರದಲ್ಲಿರುವ ಹಲವು ಜೀನ್‌ಗಳನ್ನು ಓದಿ ಅದೇ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಂಡರು. ಹಲವು ಜೀನ್ ಯಾಕೆ ಬೇಕು? ಈ ವಿಷಯದ ತಿರುಳು ಅಲ್ಲೇ ಇದೆ.

ಒಂದು ಜೀನ್‌ನ ವಂಶವೃಕ್ಷ ಬೇರೆ, ಪ್ರಭೇದದ ವಂಶವೃಕ್ಷ ಬೇರೆ. ಬ್ಯಾಡಗಿಯ ಒಂದು ಮನೆತನವನ್ನು ಊಹಿಸಿಕೊಳ್ಳಿ. ಅವರ ಬೀಜದ ಗಡಿಗೆಯಲ್ಲಿ ಡಬ್ಬಿ, ಕಡ್ಡಿ ಎರಡೂ ಬಗೆಯ ಮೆಣಸಿನ ಬೀಜ ಬೆರೆತಿವೆ. ಹಿರಿಯಣ್ಣ ಒಂದು ಪಾಲು ತೆಗೆದುಕೊಂಡು ಬೇರೆಯಾದ. ಸ್ವಲ್ಪ ದಿನಕ್ಕೇ ನಡುವಿನವನೂ ಕಿರಿಯವನೂ ಪಾಲಾದರು. ಮೂವರ ಗಡಿಗೆಗೂ ಎರಡೂ ಬಗೆ ಹೋಗಿವೆ. ವರ್ಷವರ್ಷ ಒಂದು ಹಿಡಿ ಬೀಜ ಮಾತ್ರ ಎತ್ತಿಡುತ್ತ ಹೋದರೆ, ಕಾಲ ಕಳೆದಂತೆ ಪ್ರತಿ ಮನೆಯಲ್ಲೂ ಆಕಸ್ಮಿಕವಾಗಿ ಒಂದೇ ಬಗೆ ಉಳಿಯುತ್ತದೆ. ಹಿರಿಯಣ್ಣನ ಮನೆಯಲ್ಲೂ ಕಿರಿಯವನ ಮನೆಯಲ್ಲೂ ಡಬ್ಬಿ, ನಡುವಿನವನಲ್ಲಿ ಕಡ್ಡಿ ಉಳಿಯಿತೆನ್ನಿ. ಬೀಜ ನೋಡಿದವರು ಹಿರಿಯ, ಕಿರಿಯ ಕೊನೆಯವರೆಗೆ ಕೂಡಿದ್ದರೆಂದು ತಿಳಿಯುತ್ತಾರೆ. ನಿಜವಾಗಿ ಕೂಡಿದ್ದವರು ನಡುವಿನವ ಮತ್ತು ಕಿರಿಯವ. ಬೀಜ ಸುಳ್ಳು ಹೇಳಿಲ್ಲ. ಅದು ತನ್ನ ಕಥೆ ಹೇಳಿದೆ, ಮನೆತನದ ಕಥೆಯನ್ನಲ್ಲ. ಕಿರಿಯರಿಬ್ಬರು ಬಹುಕಾಲ ಕೂಡಿಯೇ ಇದ್ದಿದ್ದರೆ, ಪಾಲಾಗುವ ಮೊದಲೇ ಅವರ ಗಡಿಗೆಯಲ್ಲಿ ಒಂದೇ ಬಗೆ ಉಳಿದು ಈ ಗೊಂದಲ ಹುಟ್ಟುತ್ತಿರಲಿಲ್ಲ.

ಜೀನ್‌ಗಳಲ್ಲೂ ಆಗುವುದು ಇದೇ. ಎರಡು ಕವಲುಗಳ ನಡುವಿನ ಅವಧಿ ಚಿಕ್ಕದಾಗಿದ್ದಷ್ಟೂ, ಸಂತಾನ ಪಡೆಯುವ ಪ್ರಾಣಿಗಳ ಸಂಖ್ಯೆ ದೊಡ್ಡದಾಗಿದ್ದಷ್ಟೂ ಭಿನ್ನಮತ ಹೆಚ್ಚು. ಇದಕ್ಕೆ ಲೆಕ್ಕವೂ ಇದೆ. ಅಂಥ ಪ್ರಾಣಿಗಳು 10,000 ಇದ್ದು, ಎರಡು ಕವಲುಗಳ ನಡುವೆ 20,000 ತಲೆಮಾರು ಕಳೆದಿದ್ದರೂ, ಸುಮಾರು ಕಾಲುಭಾಗದಷ್ಟು ಜೀನ್‌ಗಳು ತಪ್ಪು ಜೋಡಿಯನ್ನೇ ತೋರಿಸುತ್ತವೆ. ತಲೆಮಾರಿಗೆ 4 ವರ್ಷವೆಂದರೆ ಅದು 80,000 ವರ್ಷ! ನಮ್ಮ ಮೈಯಲ್ಲೂ ಇದು ಇದೆ. 2012ರಲ್ಲಿ ಗೊರಿಲ್ಲಾದ ಜೀನೋಮ್ ಪ್ರಕಟವಾದಾಗ, ಅದರ ಶೇ. 30ರಷ್ಟು ಭಾಗದಲ್ಲಿ ಮನುಷ್ಯ ಮತ್ತು ಚಿಂಪಾಂಜಿ ಪರಸ್ಪರ ಅತಿ ಹತ್ತಿರದವರಾಗಿರಲಿಲ್ಲ. ಇಬ್ಬರಲ್ಲೊಬ್ಬರಿಗೆ ಗೊರಿಲ್ಲಾ ಹೆಚ್ಚು ಹತ್ತಿರವಿತ್ತು.

ಹಾಗಾದರೆ ಹೆಚ್ಚು ಜೀನ್‌ಗಳು ಹೇಳಿದ್ದೇ ಸರಿ ಎನ್ನೋಣವೇ? ಮೂರೇ ಪ್ರಭೇದಗಳಿದ್ದು, ಕವಲೊಡೆದ ಮೇಲೆ ಬೆರಕೆ ಆಗಿರದಿದ್ದರೆ ಸರಿ. ಪ್ರಭೇದಗಳು ಹೆಚ್ಚಾದರೆ ಬಹುಮತವೇ ದಾರಿ ತಪ್ಪಿಸಬಹುದೆಂದು ಜೇಮ್ಸ್ ಡೆಗ್ನನ್ ಮತ್ತು ನೋವಾ ರೋಸೆನ್‌ಬರ್ಗ್ 2006ರಲ್ಲಿ ಗಣಿತದಿಂದ ತೋರಿಸಿದರು. ಎಲ್ಲ ಜೀನ್‌ಗಳನ್ನೂ ಸಾಲಾಗಿ ಜೋಡಿಸಿ ಒಂದೇ ಮರ ಕಟ್ಟುವ ರೂಢಿಯೂ ಇಂಥ ಕಡೆ ಅಪಾಯದ್ದೇ: ಮಾಹಿತಿ ಹೆಚ್ಚಿದಷ್ಟೂ ತಪ್ಪು ಮರವೇ ಗಟ್ಟಿಯಾಗುತ್ತ ಹೋಗಬಹುದು. 2014ರಲ್ಲಿ ಬಂದ ಆಸ್ಟ್ರಲ್ ಎಂಬ ತಂತ್ರಾಂಶದ ದಾರಿ ಬೇರೆ. ಪ್ರತಿ ಜೀನ್‌ಗೂ ಅದರದೇ ಮರ ಕಟ್ಟಿ, ಅವನ್ನು ಅದಕ್ಕೆ ಕೊಡಬೇಕು. ಅದು ನಾಲ್ಕು ನಾಲ್ಕು ಪ್ರಭೇದಗಳ ಗುಂಪು ಮಾಡಿ, ಬೇರು ಎಲ್ಲಿದೆ ಎಂದು ಕೇಳದೆ, ಯಾರ ಪಕ್ಕ ಯಾರು ಎಂದಷ್ಟೇ ನೋಡುತ್ತದೆ. ನಾಲ್ಕರ ಗುಂಪಿನಲ್ಲಿ ಹೀಗೆ ನೋಡಿದಾಗ ಬಹುಮತ ಕೈಕೊಡುವುದಿಲ್ಲ. ಅಂಥ ಗುಂಪುಗಳಿಗೆ ಅತಿ ಹೆಚ್ಚು ಹೊಂದುವ ಮರವನ್ನು ಕೊನೆಗೆ ಆರಿಸುತ್ತದೆ. ನನಗೆ ಬಹಳ ಇಷ್ಟವಾದ ಉಪಾಯ ಇದು.

ಇನ್ನು ಮೈಟೊಕಾಂಡ್ರಿಯಾ. ಅದು ತಾಯಿಯಿಂದ ಮಾತ್ರ ಬರುತ್ತದೆ, ಇಡಿಯಾಗಿ ಬರುತ್ತದೆ. ಅದರೊಳಗೆ ಎಷ್ಟು ಜೀನ್ ಓದಿದರೂ ಸಾಕ್ಷಿ ಒಂದೇ. ಜಾನಾ ಮತ್ತು ಕಾರಂತ್ ಎಂಟು ರಾಜ್ಯಗಳಿಂದ ಚಿಗರಿಯ ಹಿಕ್ಕೆ ಆರಿಸಿ ನಡೆಸಿದ ಇನ್ನೊಂದು ಅಧ್ಯಯನ 2023ರಲ್ಲಿ ಹೊರಬಂತು. ದೇಶದ ಚಿಗರಿಗಳಲ್ಲಿ ಉತ್ತರ, ದಕ್ಷಿಣ, ಪೂರ್ವ ಎಂಬ ಮೂರು ಗುಂಪುಗಳು ಕಂಡವು. ಒಂದೊಂದು ಕಡೆಯ ಹಿಂಡಿಗೂ ಅದರದೇ ಮೈಟೊಕಾಂಡ್ರಿಯಾ ಗುರುತು ಇತ್ತು, ಅಂದರೆ ಹೆಣ್ಣುಗಳು ಹುಟ್ಟಿದ ಸೀಮೆ ಬಿಟ್ಟು ಹೆಚ್ಚು ಹೋಗಿಲ್ಲ. ಗಂಡುಗಳು ಮಾತ್ರ ಎಣಿಸಿದ್ದಕ್ಕಿಂತ ಹೆಚ್ಚು ಅಲೆದು ಜೀನ್ ಹಂಚಿವೆ. ತಾಯಿಯ ಕಡೆಯ ಕಥೆ ಮಾತ್ರ ಓದಿದ್ದರೆ ಈ ಓಡಾಟ ತಿಳಿಯುತ್ತಲೇ ಇರಲಿಲ್ಲ.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಬಿಎಸ್‌ಸಿ ಮಕ್ಕಳೇ, ಕಲಿಯಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಚಿಗರಿ, ಚಿಂಕಾರ, ಆಡುಗಳ ಡಿಎನ್ಎ ಅನುಕ್ರಮಗಳು ಜೆನ್‌ಬ್ಯಾಂಕ್‌ನಲ್ಲಿ ಉಚಿತವಾಗಿ ಸಿಗುತ್ತವೆ, ಆಸ್ಟ್ರಲ್ ಕೂಡ ಉಚಿತ. ಇವುಗಳ ಜೊತೆ ಇನ್ನೊಂದೆರಡು ಗೆಜೆಲ್ ಸೇರಿಸಿಕೊಂಡು, ಮೊದಲು ಒಂದೊಂದು ಜೀನ್‌ಗೆ ಒಂದೊಂದು ಮರ ಕಟ್ಟಿ ನೋಡಿ. ಮರಗಳು ಹೊಂದದಿದ್ದರೆ ಹೊಂದದ ಜೀನನ್ನು ಎಸೆಯಬೇಡಿ. ಯಾಕೆ ಹೊಂದಲಿಲ್ಲವೆಂದು ಕೇಳುವುದರಿಂದಲೇ ಕೆಲಸ ಶುರುಮಾಡಿ.